ನೋವು ನಿಂತ ಹಲ್ಲು

ರೂಟ್ ಕೆನಾಲ್, ಎಂದರೆ ಹಲ್ಲಿನ ಒಳಗಿನ ತಿರುಳನ್ನು ತೆಗೆದು ಬೇರುಗಳನ್ನು ಸ್ವಚ್ಛಗೊಳಿಸಿ ತುಂಬುವ ಬೇರಿನ ಚಿಕಿತ್ಸೆ, ಯಾವ ಹಲ್ಲಿಗೆ ಬೇಕಾಗುತ್ತದೆ ಎಂದು ಕೇಳಿದರೆ ಬಹುತೇಕ ಜನ ‘ನೋಯುವ ಹಲ್ಲಿಗೆ’ ಎನ್ನುತ್ತಾರೆ. ದಾವಣಗೆರೆಯಲ್ಲಿ ದಂತವೈದ್ಯನಾಗಿ ನಾನು ಕಂಡುಕೊಂಡಿರುವುದು ಬೇರೆ. ಈ ಚಿಕಿತ್ಸೆಗಾಗಿ ನನ್ನ ಬಳಿ ಬರುವವರಲ್ಲಿ ಎಷ್ಟೋ ಜನರ ಹಲ್ಲು ಹಿಂದೊಮ್ಮೆ ಜೋರಾಗಿ ನೋವು ಕೊಟ್ಟು, ಆಮೇಲೆ ತಾನಾಗಿಯೇ ಸುಮ್ಮನಾಗಿ, ತಿಂಗಳುಗಟ್ಟಲೆ ಕೆಲವೊಮ್ಮೆ ವರ್ಷಗಟ್ಟಲೆ ಹಾಗೆಯೇ ಇದ್ದು, ಕೊನೆಗೆ ಒಂದು ಬೆಳಿಗ್ಗೆ ಕೆನ್ನೆ ಊದಿದಾಗ ಮತ್ತೆ ನೆನಪಿಗೆ ಬಂದಿರುತ್ತದೆ. ‘ನೋವು ಹೋಗಿತ್ತಲ್ಲ ಸಾರ್, ಈಗ ಹೆಂಗ್ ಬಂತು?’ ಎಂಬ ಪ್ರಶ್ನೆಯನ್ನು ನಾನು ಕೇಳದ ವಾರವಿಲ್ಲ. ಅದಕ್ಕೆ ಕುರ್ಚಿಯ ಪಕ್ಕದಲ್ಲಿ ನಿಂತು ಎರಡು ಮಾತಿನಲ್ಲಿ ಕೊಡುವ ಉತ್ತರ ಸಾಲುವುದಿಲ್ಲವೆಂದು ಅನಿಸಿದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಬಾಪೂಜಿ ದಂತ ಕಾಲೇಜು 1979ರಿಂದ ಇಲ್ಲಿದೆ, ಅದರ ನಂತರ ಇನ್ನೊಂದು ದಂತ ಕಾಲೇಜು ಕೂಡ ಬಂದಿದೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಿಹರ, ಆ ಕಡೆ ಹೊಳಲ್ಕೆರೆಯವರೆಗಿನ ಜನ ಬಸ್ಸು ಹತ್ತಿ ಬಂದು ತೋರಿಸಿಕೊಂಡು ಸಂಜೆಯೊಳಗೆ ಮನೆ ಸೇರಬಹುದು. ಆದರೂ ಬರುವುದು ತಡವಾಗುತ್ತದೆ, ಮತ್ತು ಆ ತಡವಾಗುವಿಕೆಗೆ ದುಡ್ಡಿನ ಕೊರತೆಯಷ್ಟೇ ದೊಡ್ಡ ಕಾರಣ ಹಲ್ಲುನೋವಿನ ಬಗ್ಗೆ ನಾವು ಇಟ್ಟುಕೊಂಡಿರುವ ಒಂದು ನಂಬಿಕೆ: ನೋವು ನಿಂತರೆ ರೋಗ ನಿಂತಿತು ಎಂಬುದು. ಜ್ವರ, ಉಳುಕು, ಹೊಟ್ಟೆನೋವು ಇವುಗಳ ವಿಷಯದಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಹಲ್ಲಿನ ವಿಷಯದಲ್ಲಿ ಏಕೆ ತಪ್ಪುತ್ತದೆ ಎಂಬುದನ್ನು ತಿಳಿಯಲು ಹಲ್ಲಿನ ಒಳಗಿನ ಸ್ಥಿತಿಯನ್ನು ತಿಳಿಯಬೇಕು.

ಹಲ್ಲಿನ ಹೊರಗಿನ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ದವಡೆ ಹಲ್ಲಿನ ಮೊನೆಗಳಲ್ಲಿ ಅದರ ದಪ್ಪ ಸುಮಾರು 2.5 ಮಿ.ಮೀ. ಇರುತ್ತದೆ. ಅದರ ಒಳಗೆ ಡೆಂಟಿನ್ ಎಂಬ ಸ್ವಲ್ಪ ಮೆದುವಾದ ಪದರ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಕೊಳವೆಗಳು. ಎಲ್ಲದರ ನಡುವೆ ನರ ಮತ್ತು ರಕ್ತನಾಳಗಳಿರುವ ಜೀವಂತ ತಿರುಳು. ಒಂದು ಹಲ್ಲಿನ ತಿರುಳಿನ ಸರಾಸರಿ ಪ್ರಮಾಣ 0.02 ಮಿಲಿಲೀಟರ್ ಮಾತ್ರ, ಎಂದರೆ ಒಂದು ಹನಿ ನೀರಿಗಿಂತಲೂ ಕಡಿಮೆ. ಕೈಗೆ ಪೆಟ್ಟಾದರೆ ಆ ಜಾಗ ಊದಿಕೊಳ್ಳುತ್ತದೆ, ರಕ್ತ ಹೆಚ್ಚಾಗಿ ಹರಿದು ಬಂದು ಗಾಯ ಮಾಯುತ್ತದೆ. ತಿರುಳಿಗೆ ಊದಿಕೊಳ್ಳಲು ಜಾಗವೇ ಇಲ್ಲ; ಸುತ್ತಲೂ ಗಟ್ಟಿ ಗೋಡೆ, ಒಳಬರಲು ಬೇರಿನ ತುದಿಯ ಸೂಜಿಮೊನೆಯಂತಹ ರಂಧ್ರ. ಉರಿಯೂತ ಹೆಚ್ಚಿದಂತೆ ಒಳಗಿನ ಒತ್ತಡ ಏರಿ, ತನಗೆ ಜೀವ ಕೊಡುವ ರಕ್ತನಾಳಗಳೇ ಹಿಸುಕಿಹೋಗಿ, ತಿರುಳು ಸ್ವಲ್ಪಸ್ವಲ್ಪವಾಗಿ ಸಾಯತೊಡಗುತ್ತದೆ.

ತೆರೆದುಕೊಂಡ ತಿರುಳು ಕೊಳೆಯಲು ನಿಜವಾದ ಕಾರಣ ರೋಗಾಣುಗಳೇ ಎಂಬುದನ್ನು ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಮೂವರು 1965ರಲ್ಲಿ ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗ ಸಂಶಯವಿಲ್ಲದಂತೆ ತೋರಿಸಿತು. ಎರಡು ಗುಂಪಿನ ಇಲಿಗಳ ದವಡೆ ಹಲ್ಲಿಗೆ ತಿರುಳಿನವರೆಗೆ ತೂತು ಕೊರೆದು ಹಾಗೆಯೇ ತೆರೆದಿಟ್ಟರು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಕೀವು ಕಟ್ಟಿತು. ಹುಟ್ಟಿನಿಂದ ರೋಗಾಣುಗಳಿಲ್ಲದ ವಾತಾವರಣದಲ್ಲಿ ಬೆಳೆದ ಇಲಿಗಳಲ್ಲಿ, ತೂತಿನೊಳಗೆ ಆಹಾರ ಸಿಕ್ಕಿಕೊಂಡಿದ್ದರೂ, ತಿರುಳು ಬದುಕಿ ಉಳಿದು ತೂತಿಗೆ ತಾನೇ ಹೊಸ ಡೆಂಟಿನ್ ಕಟ್ಟಿಕೊಂಡಿತು. ನನಗೆ ಈ ಪ್ರಯೋಗ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ರೂಟ್ ಕೆನಾಲ್‌ಗೆ ಕಾರಣಗಳು ಎಷ್ಟೇ ಇದ್ದರೂ ಹೆಚ್ಚಿನವುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಆಗುತ್ತದೆ: ರೋಗಾಣು ಒಳಗೆ ಹೋಗಲು ದಾರಿ ಎಲ್ಲಿ ಸಿಕ್ಕಿತು?

ಹೆಚ್ಚಿನ ಸಲ ದಾರಿ ಸಿಗುವುದು ಹುಳುಕಿನಿಂದ. ಬಾಯಿಯ ರೋಗಾಣುಗಳು ಸಕ್ಕರೆ ಮತ್ತು ಪಿಷ್ಟವನ್ನು ಆಮ್ಲವಾಗಿಸುತ್ತವೆ. ಹಲ್ಲಿನ ಮೇಲ್ಮೈಯ ಪಿ.ಹೆಚ್. (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ನಂತರ ಜೊಲ್ಲು ಆಮ್ಲವನ್ನು ತಗ್ಗಿಸಿ ಕಳೆದುಹೋದ ಖನಿಜವನ್ನು ಸ್ವಲ್ಪ ಮಟ್ಟಿಗೆ ಮರಳಿಸುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಹಾಗಾಗಿ ಎಷ್ಟು ಸಕ್ಕರೆ ತಿಂದಿರಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎನ್ನುವುದು ಹೆಚ್ಚು ಮುಖ್ಯ. ನಮ್ಮ ಬೆಣ್ಣೆದೋಸೆಯ ಮೇಲೆ ಜನ ಸುಮ್ಮನೆ ತಪ್ಪು ಹೊರಿಸುತ್ತಾರೆ. ಬೆಣ್ಣೆಯಿಂದ ಹಲ್ಲಿಗೆ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ಕುಡಿಯುವ ಸಿಹಿ ಚಹಾ, ನಡುನಡುವೆ ಒಂದು ಹಿಡಿ ಮಂಡಕ್ಕಿ, ಬಾಯಲ್ಲಿಟ್ಟುಕೊಂಡ ಒಂದು ಚೂರು ಬೆಲ್ಲ ಇವು ಜೊಲ್ಲಿಗೆ ಕೆಲಸ ಮಾಡಲು ಬಿಡುವೇ ಕೊಡುವುದಿಲ್ಲ.

ಹುಳುಕು ಎನಾಮಲ್‌ನಲ್ಲಿ ಇರುವವರೆಗೆ ನೋವಿರುವುದಿಲ್ಲ, ಏಕೆಂದರೆ ಅಲ್ಲಿ ನರವಿಲ್ಲ. ಡೆಂಟಿನ್ ಮುಟ್ಟಿದಾಗ ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತದೆ, ನೀರು ನುಂಗಿದೊಡನೆ ಸರಿಹೋಗುತ್ತದೆ. ಆಗ ಬಂದರೆ ಹುಳುಕನ್ನು ತೆಗೆದು ಸಿಮೆಂಟ್ ತುಂಬಿದರೆ ಸಾಕು, ತಿರುಳು ಚೇತರಿಸಿಕೊಳ್ಳುತ್ತದೆ. ತಣ್ಣನೆಯದು ತಾಗಿ ಹೋದ ಮೇಲೂ ನೋವು ನಿಮಿಷಗಟ್ಟಲೆ ನಿಲ್ಲತೊಡಗಿದರೆ, ಬಿಸಿ ಚಹಾ ಬಾಯಿಗೆ ಹಾಕಲಾಗದಿದ್ದರೆ, ರಾತ್ರಿ ದಿಂಬಿಗೆ ತಲೆಕೊಟ್ಟ ಕೂಡಲೇ ಟಕಟಕ ಮಿಡಿಯುವ ನೋವು ಎದ್ದು ಕುಳಿತರೆ ಕಡಿಮೆಯಾಗುವಂತಿದ್ದರೆ, ತಿರುಳು ಮರಳಿ ಬಾರದ ಹಂತ ತಲುಪಿದೆಯೆಂದೇ ಸಾಮಾನ್ಯವಾಗಿ ತಿಳಿಯಬೇಕು. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಾಗುವುದರಿಂದ, ಮೊದಲೇ ಜಾಗವಿಲ್ಲದ ಆ ಕೋಣೆಯಲ್ಲಿ ನೋವು ಇಮ್ಮಡಿಸುತ್ತದೆ. ಆ ರಾತ್ರಿಗಳಲ್ಲಿ ಮನೆಯವರೆಲ್ಲ ಎದ್ದು ಕುಳಿತು ಲವಂಗ ಜಜ್ಜುತ್ತಾರೆ. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ನೋವು ಕಡಿಮೆ ಮಾಡುವುದು ನಿಜ, ನಾವೂ ಅದನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತೇವೆ. ಆದರೆ ಹುಳುಕಿನ ಮೇಲೆ ಅದರ ಉಪಾಯವೇನೂ ನಡೆಯುವುದಿಲ್ಲ. ಕೆಲವರು ಕಡ್ಡಿಪುಡಿಯನ್ನೋ ತಂಬಾಕಿನ ಎಸಳನ್ನೋ ಹಲ್ಲಿನ ಸಂದಿಯಲ್ಲಿ ಇಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಹಲ್ಲುನೋವಿಗೆಂದು ಶುರುವಾದ ತಂಬಾಕು ಹಲ್ಲು ಹೋದ ಮೇಲೂ ಬಾಯಿ ಬಿಡದೆ ಉಳಿದು, ಕೆನ್ನೆಯ ಒಳಗೆ ಬಿಳಿ ಮಚ್ಚೆಯಾಗಿ ಕಂಡುಬಂದವರನ್ನು ನಾನು ನೋಡಿದ್ದೇನೆ.

ಇಷ್ಟರ ಮೇಲೆ ಒಂದು ದಿನ ನೋವು ನಿಲ್ಲುತ್ತದೆ. ಮೆಡಿಕಲ್‌ನಲ್ಲಿ ತಂದ ಮಾತ್ರೆಯಿಂದ ನಿಂತಿತೆಂದು ರೋಗಿ ತಿಳಿಯುತ್ತಾರೆ, ಹರಕೆ ಹೊತ್ತವರು ದೇವರ ದಯೆಯೆನ್ನುತ್ತಾರೆ. ವಾಸ್ತವದಲ್ಲಿ ಆಗಿರುವುದು ನರ ಸತ್ತುಹೋಗಿರುವುದು. ನೋವನ್ನು ಹೇಳುವ ನರವೇ ಇಲ್ಲವಾದ ಮೇಲೆ ಹಲ್ಲು ಬಿಸಿಗೂ ತಣ್ಣನೆಗೂ ಮೌನವಾಗಿರುತ್ತದೆ, ಮತ್ತು ಒಳಗಿನ ಕೊಳೆತ ತಿರುಳು ರೋಗಾಣುಗಳಿಗೆ ಯಾವ ತಡೆಯೂ ಇಲ್ಲದ ನೆಲೆಯಾಗುತ್ತದೆ. ಅಲ್ಲಿಗೆ ರಕ್ತ ಹರಿಯುವುದಿಲ್ಲವಾದ್ದರಿಂದ ಬಿಳಿ ರಕ್ತಕಣಗಳು ಹೋಗಲಾರವು, ನುಂಗಿದ ಆಂಟಿಬಯೋಟಿಕ್ ಕೂಡ ಅಲ್ಲಿಗೆ ತಲುಪಲಾರದು. ಮಾತ್ರೆಯಿಂದ ಊತ ಇಳಿಯುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಮೂರು ತಿಂಗಳಿಗೆ ಮತ್ತೆ ಊದುತ್ತದೆ, ಮತ್ತೆ ಮಾತ್ರೆ. ಈ ನಡುವೆ ಬೇರಿನ ತುದಿಯ ಸುತ್ತಲಿನ ಮೂಳೆ ಕರಗುತ್ತಿರುತ್ತದೆ. ಅದು ಎಕ್ಸ್‌ರೇಯಲ್ಲಿ ಕಪ್ಪು ನೆರಳಾಗಿ ಕಾಣಬೇಕಾದರೆ ಆ ಜಾಗದ ಖನಿಜದಲ್ಲಿ ಸುಮಾರು 30ರಿಂದ 50 ಪ್ರತಿಶತ ಆಗಲೇ ಹೋಗಿರಬೇಕು. ಒಸಡಿನ ಮೇಲೆ ಗುಳ್ಳೆಯೆದ್ದು ಕೀವು ಒಸರಿ ತಾನಾಗಿ ಬತ್ತಿ ಮತ್ತೆ ಬರುತ್ತಿದ್ದರೆ, ಕೀವಿಗೆ ಹೊರದಾರಿ ಸಿಕ್ಕಿರುವುದರಿಂದಲೇ ನೋವಿಲ್ಲ ಎಂದರ್ಥ. ಕೆಳದವಡೆಯ ಹಲ್ಲಿನ ಕೀವು ಹೊರದಾರಿ ಕಾಣದೆ ಕುತ್ತಿಗೆಯ ಕಡೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಕೊನೆಗೆ ಉಸಿರಾಡಲು ಕಷ್ಟವಾಗಬಹುದು. ನಾಲಿಗೆಯ ಕೆಳಗೆ ಮತ್ತು ಗದ್ದದ ಕೆಳಗೆ ಊತ ಗಟ್ಟಿಯಾಗಿ ಬಂದರೆ ಕ್ಲಿನಿಕ್ಕಿನ ಬಾಗಿಲು ತೆರೆಯುವುದನ್ನು ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹುಳುಕಿಗೆ ಮೊದಲು ಸಿಗುವುದು ಯಾವ ಹಲ್ಲು ಎಂಬುದನ್ನು ತಂದೆತಾಯಿಗಳಿಗೆ ಪ್ರತ್ಯೇಕವಾಗಿ ಹೇಳಬೇಕು. ಮಗುವಿಗೆ ಸುಮಾರು 6 ವರ್ಷವಾದಾಗ, ಯಾವ ಹಾಲುಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಹಲ್ಲು ಬಿದ್ದು ಬಂದದ್ದಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಅದು ಶಾಶ್ವತ ಹಲ್ಲು, ಜೀವಮಾನವಿಡೀ ಅಗಿಯುವ ಕೆಲಸದ ಬಹುಪಾಲು ಹೊರುವ ಹಲ್ಲು, ಮತ್ತು ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುವುದರಿಂದ ಬೇಗ ಹುಳುಕಾಗುವ ಹಲ್ಲು. ಹೆಚ್ಚಿನ ಕಡೆ ಅತಿ ಹೆಚ್ಚು ಸಲ ಬೇರಿನ ಚಿಕಿತ್ಸೆಗೆ ಒಳಗಾಗುವುದು ಕೆಳದವಡೆಯ ಈ ಹಲ್ಲೇ. ‘ಬಿದ್ದು ಹೋಗೋ ಹಲ್ಲಲ್ವಾ ಸಾರ್, ಯಾಕೆ ದುಡ್ಡು ಹಾಕೋದು’ ಎಂದು ಹತ್ತು ವರ್ಷದ ಮಗುವಿನ ತಾಯಿ ಕೇಳಿದಾಗ, ಕನ್ನಡಿ ಹಿಡಿದು ಮುಂದಿನಿಂದ ಎಣಿಸಿ ಆರನೆಯ ಹಲ್ಲನ್ನು ಅವರಿಗೇ ತೋರಿಸುತ್ತೇನೆ. ಆ ವಯಸ್ಸಿನಲ್ಲಿ ಗೀರುಗಳಿಗೆ ಒಂದು ತೆಳು ಲೇಪ ಹಾಕಿಸುವುದು ಕೆಲವೇ ನಿಮಿಷಗಳ ಕೆಲಸ. ಸೂಜಿಯೂ ಬೇಡ, ಕೊರೆಯುವುದೂ ಬೇಡ. ನಮ್ಮ ಶಾಲೆಗಳಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಹುಳುಕೇ ಇಲ್ಲದ ಹಲ್ಲಿಗೂ ರೂಟ್ ಕೆನಾಲ್ ಬೇಕಾಗುತ್ತದೆ ಎಂದರೆ ಜನ ನಂಬುವುದಿಲ್ಲ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ವಯಸ್ಸು ಐವತ್ತರ ಆಚೆ, ಹಲ್ಲುಗಳೆಲ್ಲ ಸವೆದು ಚಪ್ಪಟೆಯಾಗಿದ್ದರೂ ಒಂದೂ ತೂತಿರಲಿಲ್ಲ, ಎಕ್ಸ್‌ರೇ ಕೂಡ ಸ್ವಚ್ಛವಾಗಿತ್ತು. ‘ಕಚ್ಚಿದಾಗ ಏನೂ ಇಲ್ರಿ ಡಾಕ್ಟ್ರೇ, ಬಿಡೋವಾಗ ಚುಳ್ ಅಂತೈತಿ’ ಎಂದರು. ಅವರ ಆ ಒಂದು ಮಾತಿನಲ್ಲಿಯೇ ರೋಗದ ಗುರುತಿತ್ತು. ಪ್ಲಾಸ್ಟಿಕ್ಕಿನ ಒಂದು ಸಣ್ಣ ಕಡ್ಡಿಯನ್ನು ಒಂದೊಂದು ಮೊನೆಯ ಮೇಲಿಟ್ಟು ಕಚ್ಚಿಸಿ ಬಿಡಿಸುತ್ತ ಹೋದೆ. ಕೆಳಗಿನ ಎರಡನೆಯ ದವಡೆ ಹಲ್ಲಿನ ಹಿಂಬದಿಯ ಮೊನೆಗೆ ಬಂದಾಗ, ಹಲ್ಲು ಬಿಡಿಸಿದ ಕ್ಷಣದಲ್ಲಿ ಅವರ ಕೈ ಕುರ್ಚಿಯ ತೋಳನ್ನು ಬಿಗಿಹಿಡಿಯಿತು. ಹಲ್ಲನ್ನು ಒಣಗಿಸಿ ನೀಲಿ ಬಣ್ಣ ಹಚ್ಚಿ ತೊಳೆದಾಗ, ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ಒಂದು ಗೆರೆ ಬಣ್ಣ ಹಿಡಿದುಕೊಂಡು ನಿಂತಿತ್ತು. ಅದು ಸೀಳು. ಕಚ್ಚಿದಾಗ ಅದರ ಎರಡು ಬದಿಗಳು ಅಗಲುತ್ತವೆ, ಬಿಟ್ಟಾಗ ತಟ್ಟನೆ ಕೂಡಿ ಡೆಂಟಿನ್ ಕೊಳವೆಗಳ ದ್ರವವನ್ನು ಅಲುಗಿಸುತ್ತವೆ, ಚುಳ್ಳೆನ್ನುವುದು ಅದಕ್ಕೇ. ಆ ಗೆರೆಯಲ್ಲಿ ನಮ್ಮ ಕಣ್ಣಿಗೆ ಜಾಗವೇ ಕಾಣದಿದ್ದರೂ ರೋಗಾಣುವಿಗೆ ಅದು ಹೆದ್ದಾರಿ. ಅವರ ತಿರುಳು ಆಗಲೇ ಕೆರಳಿತ್ತು, ಬೇರಿನ ಚಿಕಿತ್ಸೆ ಮಾಡಿ ಸೀಳು ಮುಂದುವರಿಯದಂತೆ ಕ್ಯಾಪ್ ಹಾಕಬೇಕಾಯಿತು.

ಅಡಿಕೆಯೇ ಜೀವನಾಧಾರವಾಗಿರುವ ಸೀಮೆಯಲ್ಲಿ ಕುಳಿತು ಅಡಿಕೆ ಅಗಿಯಬೇಡಿ ಎಂದು ಹೇಳುವುದು ಸುಲಭವಲ್ಲ. ಆದರೂ ಹೇಳುತ್ತೇನೆ. ಒಣಗಿದ ಗೋಟಡಿಕೆಯನ್ನು ಹಲ್ಲಿನಲ್ಲಿ ಒಡೆಯುವ ಅಭ್ಯಾಸ ದವಡೆ ಹಲ್ಲುಗಳನ್ನು ಸವೆಸುವುದಷ್ಟೇ ಅಲ್ಲದೆ ಬೇರನ್ನೂ ಸೀಳಬಲ್ಲದು. ಸೀಳು ಬೇರಿಗಿಳಿದ ಹಲ್ಲನ್ನು ಯಾವ ಚಿಕಿತ್ಸೆಯೂ ಉಳಿಸುವುದು ಕಷ್ಟ. ಹುರಿದ ಮೆಕ್ಕೆಜೋಳದಲ್ಲಿ ಅರಳದೆ ಉಳಿದ ಕಾಳು, ಭಟ್ಟಿಯ ಮರಳಿನಲ್ಲಿ ಹುರಿದ ಮಂಡಕ್ಕಿಯಲ್ಲಿ ಅಪರೂಪಕ್ಕೆ ಉಳಿದುಹೋಗುವ ಹರಳು, ಹಲ್ಲಿನಿಂದ ಸೋಡಾ ಬಾಟಲಿಯ ಮುಚ್ಚಳ ತೆಗೆಯುವ ಹುಡುಗರ ಹುಮ್ಮಸ್ಸು, ನಿದ್ದೆಯಲ್ಲಿ ಹಲ್ಲು ಕಡಿಯುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬರುವವರ ಬಾಯಿ ನೋಡಿದರೆ ಅವರು ಬಾಲ್ಯದಲ್ಲಿ ಕುಡಿದ ಬೋರ್‌ವೆಲ್ ನೀರು ಕಾಣುತ್ತದೆ. ಆ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರಿನ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಕಂದು ಬಣ್ಣಕ್ಕೆ ತಿರುಗುತ್ತದೆ, ತೀವ್ರವಾದರೆ ಗುಳಿಬಿದ್ದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹುಳುಕನ್ನು ತಡೆಯುವುದು ನಿಜ. ಹಾಗೆಂದು ಈ ಹಲ್ಲುಗಳಿಗೆ ಅಪಾಯವಿಲ್ಲವೆಂದಲ್ಲ. ಎನಾಮಲ್ ಉದುರಿದ ಕಡೆ ಡೆಂಟಿನ್ ಬಯಲಾಗುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ: ಎಲ್ಲ ಹಲ್ಲುಗಳೂ ಕಂದಾಗಿರುವವರಿಗೆ ಅವುಗಳಲ್ಲಿ ಒಂದು ಹುಳುಕಾಗಿ ಕಪ್ಪಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ನಗುವಾಗ ಸೆರಗಿನಿಂದಲೋ ಅಂಗೈಯಿಂದಲೋ ಬಾಯಿ ಮುಚ್ಚಿಕೊಳ್ಳುವುದನ್ನು ರೂಢಿಸಿಕೊಂಡ ಹೆಣ್ಣುಮಕ್ಕಳು ವೈದ್ಯರ ಮುಂದೆ ಬಾಯಿ ತೆರೆಯಲೂ ನಾಚುತ್ತಾರೆ. ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ.

ಪೆಟ್ಟಿನ ಕಥೆ ಇನ್ನೊಂದು ರೀತಿಯದು, ಅದರಲ್ಲಿ ಮೌನ ಇನ್ನೂ ದೀರ್ಘ. ಶಾಲೆಯಲ್ಲಿ ಖೋಖೋ ಆಡುವಾಗ ಬಿದ್ದು ಮುಂಬಲ್ಲಿಗೆ ಏಟಾಗಿರುತ್ತದೆ, ಹಲ್ಲು ಮುರಿಯದೆ ಸ್ವಲ್ಪ ಅಲುಗಾಡಿ ವಾರದಲ್ಲಿ ಗಟ್ಟಿಯಾಗಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ಆ ಏಟಿನಲ್ಲಿ ಬೇರಿನ ತುದಿಯ ರಕ್ತನಾಳ ತುಂಡಾಗಿದ್ದರೆ ತಿರುಳು ಯಾವ ನೋವೂ ಕೊಡದೆ ಸತ್ತಿರುತ್ತದೆ. ಹತ್ತು ವರ್ಷ ಕಳೆದು ಮದುವೆಯ ಮಾತುಕತೆಯ ಹೊತ್ತಿಗೆ ಹಲ್ಲು ಬೂದು ಬಣ್ಣಕ್ಕೆ ತಿರುಗಿದೆಯೆಂದು ಮನೆಯವರು ಕರೆತರುತ್ತಾರೆ, ಬಿಳಿ ಮಾಡಿಕೊಡಿ ಎನ್ನುತ್ತಾರೆ. ತಣ್ಣಗೆ ಮಾಡಿದ ಹತ್ತಿಯ ಚೂರನ್ನು ಮೊದಲು ಪಕ್ಕದ ಹಲ್ಲಿಗೆ ಮುಟ್ಟಿಸಿದರೆ ಹುಡುಗಿ ಕೂಡಲೇ ಕೈಯೆತ್ತುತ್ತಾಳೆ. ಬೂದು ಹಲ್ಲಿಗೆ ಮುಟ್ಟಿಸಿ ಹಿಡಿದರೆ ಏನೂ ಆಗದೆ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ಅಂಥ ಹಲ್ಲಿಗೆ ಬಣ್ಣದ ಚಿಕಿತ್ಸೆಗಿಂತ ಮೊದಲು ಬೇರಿನ ಚಿಕಿತ್ಸೆ ಆಗಲೇಬೇಕು. ಹಲ್ಲು ಪೂರ್ತಿ ಕಿತ್ತು ಕೈಗೆ ಬಂದ ಸಂದರ್ಭದಲ್ಲಿ ಏನು ಮಾಡಬೇಕೆಂಬುದನ್ನು ಪ್ರತಿ ದೈಹಿಕ ಶಿಕ್ಷಕರೂ ತಿಳಿದಿರಬೇಕು: ಅದು ಶಾಶ್ವತ ಹಲ್ಲಾಗಿದ್ದರೆ ಬೇರನ್ನು ಮುಟ್ಟದೆ, ಉಜ್ಜದೆ, ಸಾಧ್ಯವಾದರೆ ಅದರ ಗುಳಿಯಲ್ಲಿಯೇ ಕೂರಿಸಿ, ಇಲ್ಲವೇ ತಣ್ಣನೆಯ ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ತರಬೇಕು. ಬೇರು ಪೂರ್ತಿ ಬೆಳೆದಿದ್ದರೆ ಮರಳಿ ಕೂರಿಸಿದ ಒಂದೆರಡು ವಾರದಲ್ಲಿ ರೂಟ್ ಕೆನಾಲ್ ಮಾಡಬೇಕಾಗುತ್ತದೆ.

ಉಳಿದ ಕಾರಣಗಳು ಇಷ್ಟು ಹೇಳಿಸಿಕೊಳ್ಳುವಂಥವಲ್ಲ. ಹಳೆಯ ಸಿಮೆಂಟಿನ ಅಂಚು ಬಿಟ್ಟು ಅದರ ಕೆಳಗೆ ಹೊಸ ಹುಳುಕು ಹರಡುವುದು ಬಹಳ ಸಾಮಾನ್ಯ. ಇದ್ದಿಲು, ಬೂದಿ, ಒರಟು ಹಲ್ಲುಪುಡಿಯಿಂದ ಅಡ್ಡಡ್ಡ ಉಜ್ಜಿದವರಲ್ಲಿ ಒಸಡಿನ ಅಂಚಿಗೆ ಕೊಡಲಿಯ ಏಟಿನಂಥ ಕಚ್ಚು ಬಿದ್ದು ತಿರುಳಿನವರೆಗೆ ಸವೆಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಒಸಡಿನ ರೋಗ ಮೂಳೆಯನ್ನು ತಿನ್ನುತ್ತ ಬೇರಿನ ತುದಿ ತಲುಪಿದರೆ, ತಿರುಳಿಗೆ ಸೋಂಕು ಕೆಳಗಿನಿಂದ ಹತ್ತುವುದುಂಟು. ಮುರಿದ ಹಲ್ಲಿನಲ್ಲಿ ಕ್ಯಾಪ್ ನಿಲ್ಲಿಸಲು ಆಸರೆ ಬೇಕಾದಾಗ ತಿರುಳು ಚೆನ್ನಾಗಿದ್ದರೂ ಈ ಚಿಕಿತ್ಸೆ ಮಾಡಬೇಕಾಗುವ ಸಂದರ್ಭಗಳೂ ಇವೆ. ಆದರೆ ನಿಮ್ಮ ಹಲ್ಲಿಗೆ ರೂಟ್ ಕೆನಾಲ್ ಬೇಕೆಂದು ಯಾರು ಹೇಳಿದರೂ ಯಾವ ಕಾರಣಕ್ಕೆಂದು ಕೇಳುವ ಹಕ್ಕು ನಿಮಗಿದೆ. ಎಕ್ಸ್‌ರೇ ತೋರಿಸಿ ಎನ್ನಿ, ತಣ್ಣನೆಯ ಪರೀಕ್ಷೆಯಲ್ಲಿ ಏನು ಕಂಡಿತೆಂದು ಕೇಳಿ. ಹುಳುಕು ಆಳವಾಗಿದ್ದರೂ ತಿರುಳು ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಮುಖ್ಯವಾಗಿ ಚಿಕ್ಕ ವಯಸ್ಸಿನವರಲ್ಲಿ, ಔಷಧದ ಪದರವಿಟ್ಟು ಅದನ್ನು ಉಳಿಸಿಕೊಳ್ಳುವ ವಿಧಾನಗಳು ಈಗ ಇವೆ.

‘ಕಿತ್ತು ಹಾಕಿಬಿಡ್ರಿ, ಸಾಕಾಗೈತಿ’ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಹೆದರಿ ಬಾರದೆ ಉಳಿದವರನ್ನೂ ಕಂಡಿದ್ದೇನೆ. ಹಾಗೇನೂ ಆಗುವುದಿಲ್ಲ, ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಕೀಳುವುದು ಸುಲಭ, ಆದರೆ ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ, ಅಗಿಯುವ ಭಾರವೆಲ್ಲ ಇನ್ನೊಂದು ಬದಿಗೆ ಬೀಳುತ್ತದೆ. ಬೇರು ಗಟ್ಟಿಯಾಗಿದ್ದರೆ ಉಳಿಸಿಕೊಳ್ಳುವುದೇ ಒಳ್ಳೆಯದು.

ಉಳಿಸಿಕೊಂಡ ಮೇಲೆ ಎರಡನೆಯ ಸಲ ಅದೇ ಹಲ್ಲಿಗೆ ರೂಟ್ ಕೆನಾಲ್ ಬೇಕಾಗುವುದಕ್ಕೂ ಇಲ್ಲಿಯವರೆಗೆ ಹೇಳಿದ ಅದೇ ಮೌನ ಕಾರಣವಾಗುತ್ತದೆ. ಬೇರುಗಳನ್ನು ಸ್ವಚ್ಛಗೊಳಿಸಿ ತುಂಬಿದ ದಿನ ನೋವು ಹೋಗಿರುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲು ಬನ್ನಿ ಎಂದರೆ ಬಿತ್ತನೆ ಮುಗಿಯಲಿ, ಕೊಯ್ಲು ಮುಗಿಯಲಿ, ದುಡ್ಡು ಕೈಗೆ ಬರಲಿ ಎಂದು ಮುಂದೂಡುತ್ತಾರೆ. ಹುಳುಕಿನಿಂದಲೂ ಚಿಕಿತ್ಸೆಗಾಗಿ ಕೊರೆದದ್ದರಿಂದಲೂ ಗೋಡೆಗಳು ತೆಳುವಾಗಿರುವ ಆ ಹಲ್ಲು ರೊಟ್ಟಿ ಅಗಿಯುವಾಗಲೇ ಸೀಳಬಹುದು, ತಾತ್ಕಾಲಿಕ ಸಿಮೆಂಟ್ ಸವೆದು ಜೊಲ್ಲು ಒಳಗಿಳಿಯಬಹುದು, ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯಬಹುದು. ತಿರುಳನ್ನು ತೆಗೆದಿರುವ ಹಲ್ಲು ಈ ಹುಳುಕನ್ನು ಜುಂ ಎಂದು ತಿಳಿಸಲಾರದು. ಆದ್ದರಿಂದ ಕ್ಯಾಪನ್ನು ಕೆಲವು ವಾರಗಳೊಳಗೆ ಹಾಕಿಸಿಕೊಳ್ಳಿ, ಆಮೇಲೂ ನೋವಿಗಾಗಿ ಕಾಯದೆ ವರ್ಷಕ್ಕೊಮ್ಮೆ ಬಂದು ಒಂದು ಎಕ್ಸ್‌ರೇ ತೆಗೆಸಿ ಎಂದು ನನ್ನ ರೋಗಿಗಳಿಗೆ ಚೀಟಿಯ ಮೇಲೆ ತಿಂಗಳು ಬರೆದೇ ಕೊಡುತ್ತೇನೆ.